ಸನದು ಇಲ್ಲದ ಮಾತು

ನಂಜನಗೂಡಿನಲ್ಲಿ ಬೆಳೆದವರಿಗೆಲ್ಲ ಹಕೀಮ್ ನಂಜುಂಡನ ಕಥೆ ಗೊತ್ತು. ಟಿಪ್ಪು ಸುಲ್ತಾನರ ಮೆಚ್ಚಿನ ಆನೆಗೆ ಕಣ್ಣು ಹೋಯಿತು. ಯಾವ ಮದ್ದೂ ನಾಟಲಿಲ್ಲ. ಯಾರೋ ಹೇಳಿದರೆಂದು ಶ್ರೀಕಂಠೇಶ್ವರನ ದೇವಸ್ಥಾನದಲ್ಲಿ ಪೂಜೆ ಮಾಡಿಸಿದರು, ಆನೆಗೆ ಕಣ್ಣು ಬಂತು. ಸುಲ್ತಾನರು ಸಂತೋಷಪಟ್ಟು ಪಚ್ಚೆ ಲಿಂಗ ಕೊಟ್ಟರು, ಅಲ್ಲಿಯ ದೇವರನ್ನು ‘ಹಕೀಮ್ ನಂಜುಂಡ’ ಎಂದು ಕರೆದರು. ಕಪಿಲೆಯ ಸ್ನಾನಘಟ್ಟದಲ್ಲಿ ಹೂವು ಮಾರುವವರೂ ಇದನ್ನು ಹೇಳುತ್ತಾರೆ, ಮಸೀದಿಯ ಜಗಲಿಯಲ್ಲಿ ಕೂರುವ ನಮ್ಮ ಹಿರಿಯರೂ ಹೇಳುತ್ತಾರೆ. ನಾನೂ ಹೇಳಿದ್ದೇನೆ. ಶಿಫಾ ಕೊಡುವವನು ಅಲ್ಲಾಹನೊಬ್ಬನೇ ಎಂಬ ಅಕೀದದ ಮಾತನ್ನು ಮೊದಲು ಹೇಳಿ, ಆಮೇಲೆ ಸೌಹಾರ್ದಕ್ಕೆ ಉದಾಹರಣೆಯಾಗಿ ಈ ಕಥೆಯನ್ನು ಜುಮಾದ ಬಯಾನಿನಲ್ಲಿ ಹಲವು ವರ್ಷ ಹೇಳಿದ್ದೇನೆ. ಜಮಾಅತ್ ಖುಷಿಯಿಂದ ಕೇಳಿದೆ.

ಕೆಲವು ತಿಂಗಳ ಹಿಂದೆ ಒಂದು ಸಂಶೋಧನಾ ಪತ್ರಿಕೆಯವರು ‘ಇಸ್ಲಾಮೀ ಕಾನೂನು ಮತ್ತು ಸಮಾಜ’ ಎಂಬ ವಿಷಯದ ಮೇಲೆ ಲೇಖನ ಕೇಳಿದರು. ಶ್ರೀರಂಗಪಟ್ಟಣದ ಸುಲ್ತಾನರ ಕಾಲದಲ್ಲಿ ನಮ್ಮ ಸೀಮೆಯ ಇನಾಮು, ವಕ್ಫ್, ಕೊಡುಗೆಗಳ ಬಗ್ಗೆ ಬರೆಯುತ್ತೇನೆಂದು ಒಪ್ಪಿಕೊಂಡೆ. ಆನೆಯ ಕಥೆಯಿಂದಲೇ ಲೇಖನ ಶುರುವಾಯಿತು. ಬರೆದು ಕಳಿಸಿದ ಪ್ರತಿ ಮೂರು ವಾರದಲ್ಲಿ ಹಿಂದಕ್ಕೆ ಬಂತು. ಬೈಗುಳವಿಲ್ಲ, ಹೊಗಳಿಕೆಯೂ ಇಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಪದ ಹನ್ನೊಂದು ಕಡೆ ಬರೆದಿತ್ತು: ‘ಆಧಾರ?’

ಮೊದಲಿಗೆ ಸಿಟ್ಟು ಬಂತು. ಊರಿಗೆಲ್ಲ ಗೊತ್ತಿರುವ ಮಾತಿಗೆ ಆಧಾರ ಏಕೆ ಎಂದುಕೊಂಡೆ. ಆ ರಾತ್ರಿ ಇಶಾ ನಮಾಜ್ ಮುಗಿಸಿ ಕುಳಿತಾಗ ಸಿಟ್ಟು ಇಳಿದು ನಾಚಿಕೆ ಹತ್ತಿತು. ಮದ್ರಸಾದ ಕೊನೆಯ ವರ್ಷ ಪೂರ್ತಿ ‘ಹದ್ದಸನಾ’, ‘ಅಖ್ಬರನಾ’ ಎಂದು ಓದಿದವನು ನಾನು. ಒಂದೊಂದು ಹದೀಸಿನ ಮುಂದೆಯೂ ಅದು ಯಾರಿಂದ ಯಾರಿಗೆ ಬಂತೆಂಬ ಸರಪಳಿ ಇರುತ್ತದೆ. ಆ ಸರಪಳಿಗೆ ನಾವು ಸನದು ಎನ್ನುತ್ತೇವೆ. ನಮ್ಮ ಮೈಸೂರು ಸೀಮೆಯ ಕಂದಾಯದ ಭಾಷೆಯಲ್ಲಿಯೂ ಇನಾಮು ಕೊಟ್ಟ ಕಾಗದಕ್ಕೆ ಸನದು ಎಂದೇ ಹೆಸರು. ಮಾತಿಗೂ ಸನದು, ಮಣ್ಣಿಗೂ ಸನದು. ಎರಡನ್ನೂ ಬಲ್ಲ ನಾನು ಎರಡೂ ಇಲ್ಲದೆ ಬರೆದಿದ್ದೆ.

ನಮ್ಮ ಹಿರಿಯರು ಹೇಗೆ ಬರೆದರು?

ಸಹೋದರ ಸಹೋದರಿಯರೇ, ಆಧಾರ ಕೇಳುವುದು ಹೊರಗಿನವರು ನಮಗೆ ಕಲಿಸಿದ ವಿದ್ಯೆಯಲ್ಲ. ಸುದ್ದಿ ಬಂದಾಗ ಅದನ್ನು ಪರಿಶೀಲಿಸಿರಿ, ಇಲ್ಲವಾದರೆ ಅರಿಯದೆ ಯಾರಿಗೋ ಕೇಡು ಮಾಡಿ ಆಮೇಲೆ ಪಶ್ಚಾತ್ತಾಪಪಡುವಿರಿ ಎಂಬ ಎಚ್ಚರಿಕೆ ಸೂರಾ ಹುಜುರಾತಿನ 6ನೇ ಆಯತಿನಲ್ಲಿದೆ. ಕೇಳಿದ್ದನ್ನೆಲ್ಲ ಹೇಳಿಬಿಡುವುದೇ ಒಬ್ಬನು ಸುಳ್ಳುಗಾರನಾಗಲು ಸಾಕು ಎಂಬ ಅರ್ಥದ ಹದೀಸನ್ನು ಇಮಾಮ್ ಮುಸ್ಲಿಮ್(ರ) ತಮ್ಮ ಸಹೀಹ್ ಗ್ರಂಥದ ಮುನ್ನುಡಿಯಲ್ಲಿಯೇ ಇಟ್ಟಿದ್ದಾರೆ. ಅಬ್ದುಲ್ಲಾಹ್ ಬಿನ್ ಮುಬಾರಕ್(ರ) ಸನದನ್ನು ದೀನಿನ ಭಾಗವೆಂದೇ ಎಣಿಸಿದರು.

ಕಾನೂನಿನ ವಿದ್ವಾಂಸರಲ್ಲಿ ಇದಕ್ಕೆ ಚೆಂದದ ಉದಾಹರಣೆಯೊಂದಿದೆ. ಇಮಾಮ್ ಅಬೂ ಹನೀಫಾ(ರ) ಅವರ ಅಭಿಪ್ರಾಯದಲ್ಲಿ, ನ್ಯಾಯಾಧೀಶನ ತೀರ್ಪು ಇಲ್ಲದಿದ್ದರೆ ವಕ್ಫ್ ಮಾಡಿದವನು ಅದನ್ನು ಹಿಂದಕ್ಕೆ ಪಡೆಯಬಹುದಿತ್ತು. ಅವರ ಪ್ರಮುಖ ಶಿಷ್ಯ, ಹಿಜರಿ 182ರಲ್ಲಿ ತೀರಿಕೊಂಡ ಕಾಝಿ ಅಬೂ ಯೂಸುಫ್(ರ), ಮೊದಲು ಗುರುಗಳ ಮಾತನ್ನೇ ಹಿಡಿದಿದ್ದರು. ಆಮೇಲೆ ಹಜ್ರತ್ ಉಮರ್(ರ.ಅ) ಖೈಬರಿನ ತಮ್ಮ ಜಮೀನನ್ನು ಮಾರಬಾರದು, ದಾನ ಕೊಡಬಾರದು, ವಾರಸುದಾರರಿಗೆ ಹಂಚಬಾರದು ಎಂಬ ಷರತ್ತಿನ ಮೇಲೆ ವಕ್ಫ್ ಮಾಡಿದ ವರದಿ ಸರಿಯಾದ ಸನದಿನೊಂದಿಗೆ ಅವರಿಗೆ ತಲುಪಿತು. ಅಬೂ ಯೂಸುಫ್ ತಮ್ಮ ಅಭಿಪ್ರಾಯವನ್ನು ಬಿಟ್ಟರು. ಗುರುಗಳ ಮೇಲಿನ ಗೌರವ ಕಡಿಮೆಯಾಗಲಿಲ್ಲ, ಸತ್ಯಕ್ಕೂ ಜಾಗ ಸಿಕ್ಕಿತು. ಇಂದು ಹನಫೀಗಳು ವಕ್ಫ್ ವಿಷಯದಲ್ಲಿ ನಡೆಯುವುದು ಆ ಬದಲಾದ ಅಭಿಪ್ರಾಯದ ಮೇಲೆ. ವಕ್ಫ್ ಆಸ್ತಿ ಶಾಶ್ವತ ಎಂದು ನಾವು ಗಟ್ಟಿಯಾಗಿ ಹೇಳುವಾಗ, ತಮ್ಮ ಮಾತನ್ನು ತಿದ್ದಿಕೊಂಡ ಒಬ್ಬ ಆಲಿಮರಿಗೆ ಋಣಿಗಳಾಗಿದ್ದೇವೆ.

ಬರೆದು ಮುಗಿಸಿದ ಮೇಲಿನ ಕೆಲಸವೂ ಆಗ ಕಟ್ಟುನಿಟ್ಟಾಗಿತ್ತು. ನಕಲು ಪ್ರತಿಯನ್ನು ಮೂಲ ಪ್ರತಿಯ ಪಕ್ಕದಲ್ಲಿಟ್ಟು ಒಬ್ಬರು ಓದಬೇಕು, ಇನ್ನೊಬ್ಬರು ನೋಡಬೇಕು. ಇದಕ್ಕೆ ಮುಕಾಬಲಾ ಎಂದು ಹೆಸರು. ಎಲ್ಲಿಯವರೆಗೆ ಓದಿ ಹೋಲಿಸಿದ್ದಾಯಿತೆಂದು ಅಂಚಿನಲ್ಲಿ ಗುರುತು ಹಾಕುತ್ತಿದ್ದರು. ಇಮಾಮ್ ಶಾಫಿಈ(ರ) ಅವರ ‘ಅರ್ರಿಸಾಲಾ’ ಗ್ರಂಥವನ್ನು ಶಿಷ್ಯರು ಅವರ ಮುಂದೆ ಎಷ್ಟೋ ಸಲ ಓದಿದರೆಂದೂ ಪ್ರತಿ ಸಲವೂ ಒಂದಲ್ಲ ಒಂದು ತಪ್ಪು ಸಿಕ್ಕಿತೆಂದೂ, ಅಲ್ಲಾಹನ ಗ್ರಂಥವೊಂದನ್ನು ಬಿಟ್ಟು ಬೇರೆ ಯಾವುದೂ ತಪ್ಪಿಲ್ಲದೆ ಇರಲಾರದೆಂದು ಇಮಾಮರು ಹೇಳಿದರೆಂದೂ ಉಲಮಾ ಹೇಳುತ್ತ ಬಂದಿದ್ದಾರೆ. ಅವರ ಪ್ರತಿಯಲ್ಲಿಯೇ ತಪ್ಪು ಸಿಕ್ಕಿತೆಂದರೆ ನನ್ನ ಪ್ರತಿಯಲ್ಲಿ ಹನ್ನೊಂದು ಪೆನ್ಸಿಲ್ ಗುರುತು ಬಿದ್ದದ್ದು ಕಡಿಮೆಯೇ.

ಮೂರು ರಾಶಿ

ಲೇಖನವನ್ನು ಹೊಸದಾಗಿ ಬರೆಯಲು ಕುಳಿತೆ. ಈ ಸಲ ನನ್ನ ಮಾಹಿತಿಯನ್ನೆಲ್ಲ ಮೂರು ರಾಶಿ ಮಾಡಿದೆ. ಬರಹ ಇರುವುದು ಒಂದು ರಾಶಿ. ಸ್ಥಳದ ಐತಿಹ್ಯ ಎರಡನೆಯದು. ಕೇಳಲು ಇಂಪಾದ ಕಥೆ ಮೂರನೆಯದು.

ಮೊದಲ ರಾಶಿ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಯಿತು. ನಂಜನಗೂಡು ತಾಲ್ಲೂಕಿನಲ್ಲಿಯೇ ಇರುವ ಕಳಲೆಯ ಲಕ್ಷ್ಮೀಕಾಂತ ದೇವಸ್ಥಾನದ ಬೆಳ್ಳಿ ಬಟ್ಟಲು, ತಟ್ಟೆ, ಪೀಕದಾನಿಗಳ ಮೇಲೆ ಅವು ಟಿಪ್ಪು ಸುಲ್ತಾನರ ಕೊಡುಗೆ ಎಂಬ ಬರಹ ಇದ್ದದ್ದನ್ನು ಮೈಸೂರಿನ ಪ್ರಾಕ್ತನ ಇಲಾಖೆ ಕಳೆದ ಶತಮಾನದ ಆರಂಭದಲ್ಲಿಯೇ ದಾಖಲಿಸಿದೆ. ಕಳಲೆ ಎಂದರೆ ಮೈಸೂರು ಅರಸರ ದಳವಾಯಿಗಳ ಊರು. ಅಧಿಕಾರಕ್ಕಾಗಿ ಹೈದರಲಿಯೊಂದಿಗೆ ಜಗ್ಗಾಡಿದ ದಳವಾಯಿ ನಂಜರಾಜಯ್ಯನ ಮನೆತನದ ಊರಿನ ದೇವಸ್ಥಾನಕ್ಕೆ ಹೈದರಲಿಯ ಮಗನ ಬೆಳ್ಳಿ ಹೋಯಿತು. ಆನೆಯ ಕಥೆಗಿಂತ ಇದು ನನಗೆ ದೊಡ್ಡದಾಗಿ ಕಂಡಿತು. ಇಷ್ಟು ವರ್ಷ ಕಳಲೆಯ ಹೆಸರನ್ನು ನಾನು ಬಯಾನಿನಲ್ಲಿ ಒಮ್ಮೆಯೂ ಎತ್ತಿರಲಿಲ್ಲ.

ಶೃಂಗೇರಿಯ ಪತ್ರಗಳೂ ಇದೇ ರಾಶಿಗೆ ಸೇರಿದವು. 1791ರಲ್ಲಿ ಮರಾಠಾ ದಂಡಿನವರು ಶೃಂಗೇರಿ ಮಠವನ್ನು ಲೂಟಿ ಮಾಡಿದರು. ಆಗ ಟಿಪ್ಪು ಅಲ್ಲಿಯ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಕಾಗದಗಳು, ದೇವಿಯ ಮರುಪ್ರತಿಷ್ಠೆಗೆ ಕೊಡಿಸಿದ ನೆರವಿನ ವಿವರಗಳು ಮಠದಲ್ಲಿಯೇ ಉಳಿದಿದ್ದವು. ಅವನ್ನು 1916ರಲ್ಲಿ ಬೆಳಕಿಗೆ ತಂದವರು ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ಯರು. ಕಾಗದವನ್ನು ಕಾಪಾಡಿದ್ದು ಮಠ, ಓದಿ ಲೋಕಕ್ಕೆ ಹೇಳಿದ್ದು ಒಬ್ಬ ಶ್ರೀವೈಷ್ಣವ ಪಂಡಿತರು. ಟಿಪ್ಪುವಿನ ಪರವಾಗಿ ನಾವು ಇಂದು ಹೇಳುವ ಅತ್ಯಂತ ಗಟ್ಟಿ ಮಾತಿನ ಸನದಿನಲ್ಲಿ ಒಬ್ಬ ಮುಸ್ಲಿಮನ ಹೆಸರೂ ಇಲ್ಲ. ಅವರ ಅಮಾನತ್ ದೊಡ್ಡದು.

ಎರಡನೆಯ ರಾಶಿಗೆ ನಂಜನಗೂಡಿನ ಪಚ್ಚೆ ಲಿಂಗ ಹೋಯಿತು. ಅದಕ್ಕೆ ಪಾದಶಾಹ ಲಿಂಗ ಎಂಬ ಹೆಸರಿದೆ, ಟಿಪ್ಪು ಕೊಟ್ಟದ್ದೆಂದು ದೇವಸ್ಥಾನದ ಪರಂಪರೆಯೇ ಹೇಳುತ್ತ ಬಂದಿದೆ. ವಸ್ತು ಕಣ್ಣ ಮುಂದಿದೆ, ಹೆಸರಿದೆ, ಹೇಳಿಕೆಯಿದೆ. ಇದನ್ನು ‘ಪರಂಪರೆಯ ಪ್ರಕಾರ’ ಎಂದು ಬರೆಯಬೇಕು, ಹಾಗೆಯೇ ಬರೆದೆ. ಮೂರನೆಯ ರಾಶಿಯಲ್ಲಿ ಉಳಿದದ್ದು ಆನೆ.

ಹೆಸರು, ಇಸವಿ, ಮತ್ತು ಬೇಡದ ಕಾಗದ

ಕಾನೂನಿನ ಲೇಖನದಲ್ಲಿ ಪದ ಜಾರಿದರೆ ಅರ್ಥವೇ ಜಾರುತ್ತದೆ. ನನ್ನ ಮೊದಲ ಪ್ರತಿಯಲ್ಲಿ ‘ಸುಲ್ತಾನರು ದೇವಸ್ಥಾನಗಳಿಗೆ ವಕ್ಫ್ ಮಾಡಿದರು’ ಎಂಬ ವಾಕ್ಯವಿತ್ತು. ಕೇಳಲು ಚೆಂದ, ಫಿಕ್‌ಹಿನಲ್ಲಿ ತಪ್ಪು. ಹನಫೀ ನಿಯಮದಲ್ಲಿ ಮುಸ್ಲಿಮನೊಬ್ಬ ಮಾಡುವ ವಕ್ಫ್‌ಗೆ ಶರೀಅತ್ ಪುಣ್ಯಕಾರ್ಯವೆಂದು ಒಪ್ಪಿದ ಉದ್ದೇಶವಿರಬೇಕು. ದೊರೆಯಾದವನು ತನ್ನ ಪ್ರಜೆಗಳ ಗುಡಿ ಮಠಗಳಿಗೆ ಕೊಡುವುದು ವಕ್ಫ್ ಅಲ್ಲ. ಅದು ರಾಜ್ಯಾಡಳಿತಕ್ಕೆ ಸೇರಿದ ಇನಾಮು ಅಥವಾ ಕೊಡುಗೆ. ವಕ್ಫ್, ಹಿಬಾ, ಇನಾಮು ಈ ಮೂರಕ್ಕೂ ಬೇರೆ ಬೇರೆ ನಿಯಮಗಳಿವೆ. ಮೂರನ್ನೂ ‘ದಾನ’ ಎಂದು ಒಂದೇ ಮೂಟೆಗೆ ಕಟ್ಟಿದರೆ ಓದುವವರು ದಾರಿ ತಪ್ಪುತ್ತಾರೆ.

ಇಸವಿಯ ವಿಷಯದಲ್ಲಿ ಇನ್ನೂ ದೊಡ್ಡ ಪೆಟ್ಟು ಬಿತ್ತು. ಒಬ್ಬರ ಮನೆಯಲ್ಲಿ ಟಿಪ್ಪು ಕಾಲದ ತಾಮ್ರದ ಆನೆ ಕಾಸು ತೋರಿಸಿದರು. ಅದರ ಮೇಲೆ 1215 ಎಂದಿತ್ತು. ಹಿಜರಿ ಎಂದುಕೊಂಡು ಬರೆದುಬಿಟ್ಟೆ. ಹಿಜರಿ 1215 ಶುರುವಾಗುವುದು ಕ್ರಿ.ಶ. 1800ರ ಮೇ ತಿಂಗಳಲ್ಲಿ. ಸುಲ್ತಾನರು ಶಹೀದರಾದದ್ದು 1799ರ ಮೇ 4ರಂದು. ನನ್ನ ಲೆಕ್ಕದಲ್ಲಿ ಅವರು ಖಬರಿನಿಂದ ಎದ್ದು ಬಂದು ನಾಣ್ಯ ಹೊಡೆಸಬೇಕಾಗಿತ್ತು! ನಿಜ ಸಂಗತಿ ಹೀಗಿದೆ: 1787ರ ಸುಮಾರಿಗೆ ಟಿಪ್ಪು ಹಿಜರಿ ಎಣಿಕೆ ಬಿಟ್ಟು ಮೌಲೂದಿ ಎಂಬ ಹೊಸ ಶಕೆ ತಂದರು, ಅದರ ಅಂಕಿಗಳನ್ನು ನಾಣ್ಯದ ಮೇಲೆ ಬಲದಿಂದ ಎಡಕ್ಕೆ ಬರೆಸಿದರು. ಆ ಶಕೆಯ 1215 ಎಂದರೆ ಕ್ರಿ.ಶ. 1787ರ ಸುಮಾರು. ಇಸವಿಯ ಗೊಂದಲ ಹಳೆಯದೇ. ಸಾಲದ ಕಾಗದವೊಂದರಲ್ಲಿ ‘ಶಅಬಾನ್’ ಎಂದಷ್ಟೇ ಇದ್ದು, ಯಾವ ವರ್ಷದ ಶಅಬಾನ್ ಎಂದು ತಿಳಿಯದೆ ಹೋದದ್ದರಿಂದ ಹಜ್ರತ್ ಉಮರ್(ರ.ಅ) ಹಿಜರಿ ಎಣಿಕೆಯನ್ನು ಗೊತ್ತುಮಾಡಿದರೆಂದು ಇತಿಹಾಸಕಾರರು ಬರೆದಿದ್ದಾರೆ. ನಮ್ಮ ಕ್ಯಾಲೆಂಡರೇ ಒಂದು ಕಾಗದದ ಜಗಳದಿಂದ ಹುಟ್ಟಿದ್ದು.

ಇವೆಲ್ಲ ತಿದ್ದಬಹುದಾದ ತಪ್ಪುಗಳು. ತಿದ್ದಲು ಮನಸ್ಸೇ ಬಾರದ ತಪ್ಪೊಂದಿತ್ತು. 1784ರಲ್ಲಿ ಮಂಗಳೂರು ಸೀಮೆಯ ಸಾವಿರಾರು ಕ್ರೈಸ್ತರನ್ನು ಟಿಪ್ಪು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು, ಕೊಡಗಿನ ಜನರನ್ನು ಹಾಗೆಯೇ ಒಯ್ದದ್ದು, ಇವು ಕೂಡ ದಾಖಲೆಯ ರಾಶಿಗೇ ಸೇರಿದವು. ನನ್ನ ಮೊದಲ ಪ್ರತಿಯಲ್ಲಿ ಅವುಗಳ ಸುದ್ದಿಯೇ ಇರಲಿಲ್ಲ. ಆ ಜಾಗದಲ್ಲಿ ಪೆನ್ಸಿಲ್ ಗುರುತೂ ಇರಲಿಲ್ಲ, ಏಕೆಂದರೆ ಬರೆಯದ್ದಕ್ಕೆ ಗುರುತು ಹಾಕಲು ಬರುವುದಿಲ್ಲ. ಆದರೆ ಸೂರಾ ಬಕರದ 283ನೇ ಆಯತ್ ಸಾಕ್ಷ್ಯ ಮುಚ್ಚಿಡುವವನ ಹೃದಯವೇ ಪಾಪಿಯಾಗಿದೆ ಎನ್ನುತ್ತದೆ. ಸೂರಾ ನಿಸಾದ 135ನೇ ಆಯತ್ ನಮ್ಮ ವಿರುದ್ಧವೇ, ನಮ್ಮ ತಂದೆತಾಯಿಯರ ವಿರುದ್ಧವೇ ಆದರೂ ನ್ಯಾಯದ ಸಾಕ್ಷಿ ನುಡಿಯಬೇಕೆಂದು ಆಜ್ಞಾಪಿಸುತ್ತದೆ. ಒಬ್ಬ ದೊರೆ ನಮ್ಮ ತಂದೆತಾಯಿಗಿಂತ ಹೆಚ್ಚಿನವನಲ್ಲ. ಬೇಕಾದ ಕಾಗದ ತೋರಿಸಿ ಬೇಡದ ಕಾಗದ ಮುಚ್ಚಿಟ್ಟರೆ ಅದು ವಕಾಲತ್ತು, ವಿದ್ವತ್ತಲ್ಲ. ಆ ಪುಟವನ್ನೂ ಬರೆದೆ. ಬರೆದ ಮೇಲೆ ಕಳಲೆಯ ಬೆಳ್ಳಿಯ ಮಾತಿಗೆ ಇನ್ನೂ ಬಲ ಬಂದಂತೆ ಕಂಡಿತು. ಎರಡನ್ನೂ ಹೇಳುವವನ ಮಾತನ್ನು ಜನ ನಂಬುತ್ತಾರೆ.

1894ರ ಪಾಠ

ಇಷ್ಟೆಲ್ಲ ತಲೆಬಿಸಿ ಒಂದು ಲೇಖನಕ್ಕೆ ಬೇಕೆ? ಕಾನೂನಿನ ಬಗ್ಗೆ ಬರೆಯುವ ಮಾತು ಪುಸ್ತಕದಲ್ಲಿಯೇ ಉಳಿಯುವುದಿಲ್ಲ, ಮನೆಗಳಿಗೆ ಬರುತ್ತದೆ. ಹಳೆಯ ಕಾಲದಿಂದ ಮುಸ್ಲಿಮರು ತಮ್ಮ ಮಕ್ಕಳು ಮೊಮ್ಮಕ್ಕಳಿಗೆ ಆಸರೆಯಾಗಲೆಂದೂ, ಸಂತತಿ ಮುಗಿದರೆ ಬಡವರಿಗೆ ಹೋಗಲೆಂದೂ ಆಸ್ತಿಯನ್ನು ವಕ್ಫ್ ಮಾಡುತ್ತಿದ್ದರು. 1894ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಬಂಗಾಳದ ಒಂದು ಮೊಕದ್ದಮೆಯಲ್ಲಿ ಇಂಥ ವಕ್ಫನ್ನು ಅಸಿಂಧು ಎಂದಿತು. ಬಡವರ ಪಾಲು ಬಹಳ ದೂರದಲ್ಲಿದೆ, ಹೆಸರಿಗೆ ಮಾತ್ರ ಇದೆ ಎಂಬುದು ಅವರ ವಾದ. ತನ್ನ ಮನೆಯವರಿಗೆ ಕೊಡುವುದೂ ಸದಕಾ ಎಂಬ ಇಸ್ಲಾಮೀ ತಿಳಿವಳಿಕೆ ಆ ನ್ಯಾಯಮೂರ್ತಿಗಳ ತಲೆಗೆ ಹತ್ತಲಿಲ್ಲ.

ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ ಸಯ್ಯದ್ ಅಮೀರ್ ಅಲಿ ಅದಕ್ಕೂ ಮೊದಲೇ ಇಂಥ ವಕ್ಫ್ ಶರೀಅತ್ ಪ್ರಕಾರ ಸಿಂಧುವೆಂದು ಅರಬೀ ಮೂಲ ಗ್ರಂಥಗಳ ಆಧಾರದಿಂದ ವಾದಿಸಿ ಬರೆದಿದ್ದರು. ಮೌಲಾನಾ ಶಿಬ್ಲಿ ನುಅಮಾನಿ ಈ ವಿಷಯವನ್ನು ಕೈಗೆತ್ತಿಕೊಂಡು ದೇಶದ ಉಲಮಾಗಳ ಅಭಿಪ್ರಾಯ ಒಟ್ಟುಗೂಡಿಸಿದರು. ಮುಹಮ್ಮದ್ ಅಲಿ ಜಿನ್ನಾ 1911ರಲ್ಲಿ ಮಸೂದೆ ಮಂಡಿಸಿದರು, 1913ರಲ್ಲಿ ವಕ್ಫ್ ಸಿಂಧುತ್ವದ ಕಾಯ್ದೆ ಬಂತು. ಹತ್ತೊಂಬತ್ತು ವರ್ಷ ಹಿಡಿಯಿತು. ಕೊನೆಗೆ ಗೆದ್ದದ್ದು ಪುಟ ಸಂಖ್ಯೆಯೊಂದಿಗೆ ಮೂಲವನ್ನು ತೆರೆದು ತೋರಿಸಬಲ್ಲವರ ಮಾತು. ಯಾರೋ ಹೇಳಿದರೆಂದು ಬರೆದಿದ್ದರೆ ಒಂದು ಸಾಲಿನಲ್ಲಿ ತಳ್ಳಿಹಾಕುತ್ತಿದ್ದರು.

ಅದೇ 1894ರಲ್ಲಿ ನಮ್ಮ ಸೀಮೆಯಲ್ಲೂ ಒಂದು ಕೆಲಸ ನಡೆಯಿತು. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೆಯ ಸಂಪುಟ ಅಚ್ಚಾಯಿತು. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕರಿಸಿದ ಸಂಪುಟಗಳಲ್ಲಿ ನಂಜನಗೂಡಿನವು 1974ರಲ್ಲಿ, ನರಸೀಪುರದವು 1976ರಲ್ಲಿ ಮತ್ತೆ ಬಂದವು. ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ನಾವೆಲ್ಲ ಮಕ್ಕಳನ್ನು ಕರೆದುಕೊಂಡು ಹೋಗಿ ಶಿಲ್ಪ ನೋಡಿ ಬರುತ್ತೇವೆ. ಮುಂದಿನ ಸಲ ಅಲ್ಲಿಯ ಶಾಸನದ ಕಲ್ಲಿನ ಮುಂದೆಯೂ ನಿಲ್ಲಿ. ಏಳುನೂರು ವರ್ಷಕ್ಕೂ ಹಿಂದೆ, ಮೂರನೆಯ ನರಸಿಂಹನ ಕಾಲದಲ್ಲಿ, ಸೋಮನಾಥ ದಂಡನಾಯಕನು ಕಟ್ಟಿಸಿದ ಆ ದೇವಸ್ಥಾನಕ್ಕೆ ಬಿಟ್ಟ ದತ್ತಿಯ ವಿವರ ಅಲ್ಲಿ ಕೊರೆದಿದೆ. ಕೊಟ್ಟದ್ದನ್ನು ಬರೆದಿಡಬೇಕು, ಬರೆದದ್ದು ಅಳಿಯಬಾರದು ಎಂಬ ಬುದ್ಧಿ ಈ ನೆಲಕ್ಕೆ ಹೊಸದಲ್ಲ. ಸಾಲವನ್ನು ಬರೆದಿಡಿ, ಸಾಕ್ಷಿಗಳನ್ನು ಇಡಿ ಎಂದು ಕುರ್‌ಆನಿನ ಅತಿ ಉದ್ದದ ಆಯತಿನಲ್ಲಿ ಆಜ್ಞೆಯಿರುವ ನಾವು ಈ ವಿಷಯದಲ್ಲಿ ಹಿಂದೆ ಬೀಳಬಾರದಿತ್ತು.

ಹಿಂದೆ ಬಿದ್ದಿದ್ದೇವೆ. 2025ರ ವಕ್ಫ್ ತಿದ್ದುಪಡಿ ಕಾಯ್ದೆಯ ಪ್ರಕಾರ ಇನ್ನು ಮುಂದೆ ದೀರ್ಘಕಾಲದ ಬಳಕೆಯೊಂದರಿಂದಲೇ ಆಸ್ತಿ ವಕ್ಫ್ ಆಗುವುದಿಲ್ಲ, ಕಾಗದ ಬೇಕು. ಊರೂರಲ್ಲಿ ಮಸೀದಿ, ದರ್ಗಾ, ಖಬರಸ್ತಾನಗಳ ಮುತವಲ್ಲಿಗಳು ಕಬ್ಬಿಣದ ಪೆಟ್ಟಿಗೆ ತೆಗೆದು ಹುಡುಕಾಡಿದ್ದನ್ನು ನೀವೂ ನೋಡಿದ್ದೀರಿ. ‘ನಮ್ಮ ಅಜ್ಜನ ಕಾಲದಿಂದ ಇದೆ’ ಎಂಬ ಮಾತು ನಿಜವಿರಬಹುದು, ಆದರೆ ಅದು ನನ್ನ ಆನೆಯ ಕಥೆಯ ಜಾಗದಲ್ಲಿಯೇ ನಿಲ್ಲುತ್ತದೆ.

ಮಿಂಬರಿಗೆ ಮರಳಿ

ಟಿಪ್ಪು ಸುಲ್ತಾನರಿಗೆ ಬರಹದ ಬೆಲೆ ಗೊತ್ತಿತ್ತು. ಅವರ ಗ್ರಂಥಭಂಡಾರದಲ್ಲಿ ಸುಮಾರು ಎರಡು ಸಾವಿರ ಹಸ್ತಪ್ರತಿಗಳಿದ್ದವು. ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಕಲ್ಕತ್ತಾಗೂ ಇಂಗ್ಲೆಂಡಿಗೂ ಹೋದವು. ಚಾರ್ಲ್ಸ್ ಸ್ಟೂವರ್ಟ್ 1809ರಲ್ಲಿ ಅವುಗಳ ಪಟ್ಟಿ ಅಚ್ಚು ಹಾಕಿಸಿದರು. ಅದರಲ್ಲಿ ಹದೀಸಿನ, ಫಿಕ್‌ಹಿನ ಗ್ರಂಥಗಳ ವಿಭಾಗಗಳೇ ಇವೆ. ಸುಲ್ತಾನರ ಆಜ್ಞೆಯಂತೆ ಜೈನುಲ್ ಆಬಿದೀನ್ ಶೂಸ್ತರಿ ಎಂಬ ವಿದ್ವಾಂಸರು ‘ಮುಅಯ್ಯಿದುಲ್ ಮುಜಾಹಿದೀನ್’ ಎಂಬ ಖುತ್ಬಾಗಳ ಸಂಕಲನವನ್ನೂ ರಚಿಸಿದರು. ಖುತ್ಬಾದಲ್ಲಿ ಏನು ಹೇಳಬೇಕೆಂಬುದನ್ನು ಬರೆಸಿಟ್ಟ ದೊರೆಯ ಬಗ್ಗೆ ನಾನು ಬಯಾನಿನಲ್ಲಿ ಬಾಯಿಗೆ ಬಂದದ್ದನ್ನು ಹೇಳುತ್ತಿದ್ದೆ.

ಲೇಖನ ಎರಡನೆಯ ಸಲ ಹೋಗಿ ಸ್ವೀಕಾರವಾಯಿತು. ಆದರೆ ನನ್ನ ಸಾಲ ಪತ್ರಿಕೆಗಿಂತ ಹೆಚ್ಚಾಗಿ ಜಮಾಅತಿಗೆ ಇತ್ತು. ಒಂದು ಶುಕ್ರವಾರ ನಂಜನಗೂಡಿನಲ್ಲಿ ಹೇಳಿದೆ: ಆನೆಯ ಕಥೆಯನ್ನು ನಾನು ಇತಿಹಾಸವೆಂದು ಹೇಳಿದ್ದು ತಪ್ಪು, ಅದು ಜನರ ಬಾಯಲ್ಲಿ ಬಂದ ಕಥೆ. ಕಳಲೆಯ ಬೆಳ್ಳಿ, ಶೃಂಗೇರಿಯ ಕಾಗದ ಇವು ದಾಖಲೆ. ಮಂಗಳೂರಿನವರ ಸೆರೆಯೂ ದಾಖಲೆಯೇ. ಸಫಿನಲ್ಲಿ ಸ್ವಲ್ಪ ಗುಸುಗುಸು ಕೇಳಿಸಿತು. ನಮಾಜಿನ ನಂತರ ಒಬ್ಬ ಯುವಕ ನೇರವಾಗಿ ಕೇಳಿದ: “ಹಜ್ರತ್, ಜನ ನಮ್ಮ ಮೇಲೆ ಬೀಳುವ ಹೊತ್ತಿನಲ್ಲಿ ಇರುವ ಒಂದು ಕಥೆಯನ್ನೂ ನೀವೇ ಕಿತ್ತುಕೊಂಡರೆ ಹೇಗೆ?” ಅವನ ನೋವು ನನಗೆ ಅರ್ಥವಾಯಿತು. “ಮಗಾ, ಕಥೆ ಹೇಳು, ಬೇಡ ಅನ್ನೋದಿಲ್ಲ. ಕಥೆ ಅಂತ ಹೇಳು. ಸಾಕ್ಷಿ ಕೇಳಿದರೆ ಮಾತ್ರ ಕಳಲೆಗೆ ಕರ್ಕೊಂಡು ಹೋಗು” ಎಂದೆ.

ಮರುವಾರ ಟಿ. ನರಸೀಪುರದಲ್ಲಿ ಒಂದು ನಿಕಾಹ್ ಓದಿಸಲು ಹೋಗಿದ್ದೆ. ಅಲ್ಲಿಯ ಹಿರಿಯರೊಬ್ಬರಿಗೆ ಈ ಸುದ್ದಿ ತಲುಪಿತ್ತು. ನಗುತ್ತ ಹೇಳಿದರು: “ನಮ್ಮ ತಲಕಾಡಿನ ಮರಳಿಗೂ ಅಲಮೇಲಮ್ಮನ ಶಾಪ ಅಂತಾರೆ ಹಜ್ರತ್. ಮರಳು ಇರೋದು ನಿಜ, ಶಾಪ ಅನ್ನೋದು ಕಥೆ. ಮರಳನ್ನ ತೋರಿಸಬಹುದು, ಶಾಪಾನ ತೋರಿಸೋಕಾಗುತ್ತಾ?” ನಾನು ಇಷ್ಟು ಪುಟಗಳಲ್ಲಿ ಹೇಳಿದ್ದನ್ನು ಅವರು ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದರು. ಆಮೇಲೆ ನಿಕಾಹ್‌ನಾಮಾ ಬರೆಯುವಾಗ ಮಹರಿನ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ, ಸಾಕ್ಷಿಗಳ ಸಹಿ ಹಾಕಿಸಿ, ಒಂದು ಪ್ರತಿಯನ್ನು ಹುಡುಗಿಯ ಕೈಗೇ ಕೊಡಿಸಿದರು.

ಈ ತಿಂಗಳು ನಿಮ್ಮಲ್ಲಿ ಕೇಳುವುದು ಇಷ್ಟೇ. ಮನೆಯ ಪೆಟ್ಟಿಗೆ ತೆರೆಯಿರಿ. ಹಳೆಯ ನಿಕಾಹ್‌ನಾಮಾ, ಇನಾಮಿನ ಕಾಗದ, ವಕ್ಫ್‌ನಾಮಾ ಇದ್ದರೆ ಬಿಸಿಲು ತೇವ ತಾಗದಂತೆ ಇಡಿ, ಫೋಟೊ ತೆಗೆಸಿಡಿ. ಉರ್ದು, ಫಾರ್ಸಿ, ಮೋಡಿ ಬರಹ ಓದಲು ಬಾರದಿದ್ದರೆ ಬಲ್ಲವರ ಹತ್ತಿರ ಓದಿಸಿ. ಅಜ್ಜಿ ತಾತ ಹೇಳುವ ಮಾತನ್ನು ಬರೆದುಕೊಳ್ಳಿ, ಪಕ್ಕದಲ್ಲಿ ಯಾರು ಯಾವಾಗ ಹೇಳಿದರೆಂದೂ ಬರೆಯಿರಿ. ಮೊಬೈಲಿನಲ್ಲಿ ಬಂದದ್ದನ್ನು ಮುಂದಕ್ಕೆ ಕಳಿಸುವ ಮೊದಲು ಆ ಪೆನ್ಸಿಲ್ಲಿನ ಒಂದು ಪದವನ್ನು ನೆನೆಯಿರಿ.

ಅಲ್ಲಾಹನು ನಮ್ಮ ನಾಲಿಗೆಯನ್ನೂ ಲೇಖನಿಯನ್ನೂ ಸತ್ಯದ ಮೇಲೆ ನಿಲ್ಲಿಸಲಿ. ತಪ್ಪು ತಿಳಿದಾಗ ತಿದ್ದಿಕೊಳ್ಳುವ ಧೈರ್ಯ ಕೊಡಲಿ. ನಮ್ಮ ಮಾತು ನಾಳೆ ಅವನ ಮುಂದೆ ನಮ್ಮ ಪರವಾಗಿ ಸಾಕ್ಷಿ ಹೇಳುವಂತಾಗಲಿ. ಆಮೀನ್.